ಗರ್ಭಾವಸ್ಥೆಯಲ್ಲಿ ಎ ಮತ್ತು ಇ ಜೀವಸತ್ವಗಳ ಪ್ರಮಾಣ

ಕಾಡುಗೋಡಿ ಹಾಗೂ ಸುತ್ತಲಿನ ವೈಟ್‌ಫೀಲ್ಡ್ ಪ್ರದೇಶದಲ್ಲಿ ತಂತ್ರಾಂಶ ಕಂಪನಿಗಳ ಉದ್ಯೋಗಿಗಳೂ ಕಾರ್ಖಾನೆ ಮತ್ತು ಕಟ್ಟಡ ಕಾಮಗಾರಿಗಳ ಕಾರ್ಮಿಕರೂ ಅಕ್ಕಪಕ್ಕದಲ್ಲಿಯೇ ವಾಸಿಸುತ್ತಾರೆ. ಇಲ್ಲಿನ ಗರ್ಭಿಣಿಯರಿಗೆ ಎ ಮತ್ತು ಇ ಜೀವಸತ್ವಗಳ ವಿಷಯದಲ್ಲಿ ಎರಡು ಬಗೆಯ ತೊಂದರೆ ಉಂಟಾಗಬಹುದು. ಊಟದಲ್ಲಿ ಸೊಪ್ಪು, ಹಾಲು, ಮೊಟ್ಟೆ ಸಾಲದೆ ಕೊರತೆಯಾಗುವುದು ಒಂದು. ಪ್ರಯೋಗಾಲಯದ ವರದಿ ನೋಡಿ ಗಾಬರಿಯಿಂದ, ವೈದ್ಯರನ್ನು ಕೇಳದೆ ಮಾತ್ರೆ ಕೊಂಡು ಸೇವಿಸುವುದು ಇನ್ನೊಂದು. ಎರಡನೆಯದು ಅಷ್ಟಾಗಿ ಗಮನಕ್ಕೆ ಬಾರದಿರುವುದರಿಂದ ಅದನ್ನು ಇಲ್ಲಿ ಹೆಚ್ಚು ವಿವರಿಸಲಾಗಿದೆ.

ಗರ್ಭಾವಸ್ಥೆಯಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ. ಇದರಿಂದ ರಕ್ತದಲ್ಲಿನ ಎ ಜೀವಸತ್ವ, ಅಂದರೆ ರೆಟಿನಾಲ್, ತೆಳುವಾಗಿ ವರದಿಯಲ್ಲಿ ಕಡಿಮೆ ಕಾಣುತ್ತದೆ. ಇ ಜೀವಸತ್ವವು ರಕ್ತದ ಕೊಬ್ಬಿನೊಡನೆ ಸಂಚರಿಸುವಂಥದ್ದು. ಗರ್ಭಿಣಿಯರಲ್ಲಿ ಈ ಕೊಬ್ಬು ಸಹಜವಾಗಿಯೇ ಏರುವುದರಿಂದ ಇ ಜೀವಸತ್ವದ ಅಂಕಿಯೂ ಏರುತ್ತದೆ. ಆದ್ದರಿಂದ ಜಮಾ-ಖರ್ಚಿನ ಪಟ್ಟಿಯಂತೆ ಒಂದೇ ಅಂಕಿಯನ್ನು ನೋಡಿ ಕೊರತೆಯೆಂದೋ ಹೆಚ್ಚುವರಿಯೆಂದೋ ತೀರ್ಮಾನಿಸಲಾಗದು. ರೆಟಿನಾಲ್ ಲೀಟರಿಗೆ 0.70 ಮೈಕ್ರೊಮೋಲ್‌ಗಿಂತ ಕಡಿಮೆಯಿದ್ದಲ್ಲಿ ಕೊರತೆಯ ಸೂಚನೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. ಸಂಜೆಯ ಮಬ್ಬಿನಲ್ಲಿ ಮೆಟ್ಟಿಲು ಕಾಣದೆ ಎಡವುವುದು ಇರುಳುಗಣ್ಣಿನ ಲಕ್ಷಣ. ಹೀಗಾದಲ್ಲಿ ವಿಳಂಬ ಮಾಡದೆ ವೈದ್ಯರಿಗೆ ತಿಳಿಸತಕ್ಕದ್ದು.

ಕೊರತೆಯಷ್ಟೇ ಅತಿಯಾದ ಸೇವನೆಯೂ ಅಪಾಯಕಾರಿ. ದಿನಕ್ಕೆ 10,000 ಅಂತರರಾಷ್ಟ್ರೀಯ ಮಾನಕ್ಕಿಂತ (ಪೊಟ್ಟಣದ ಮೇಲೆ ಐ.ಯು. ಎಂದು ನಮೂದಾಗಿರುತ್ತದೆ) ಹೆಚ್ಚು ರೆಟಿನಾಲ್ ಸೇವಿಸಿದ ತಾಯಂದಿರ ಶಿಶುಗಳಲ್ಲಿ ಜನ್ಮಜಾತ ನ್ಯೂನತೆಯ ಸಂಭವ ಹೆಚ್ಚೆಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತಿಳಿಸಿತು. ಮೊದಲ ಮೂರು ತಿಂಗಳು ವಿಶೇಷ ಎಚ್ಚರಿಕೆ ಅಗತ್ಯ. ಮೊಡವೆಗೆ ನೀಡುವ ಐಸೊಟ್ರೆಟಿನಾಯಿನ್ ಇದೇ ಗುಂಪಿನ ಔಷಧಿಯಾಗಿದ್ದು, ಗರ್ಭಿಣಿಯರು ಅದನ್ನು ಸೇವಿಸಲೇಬಾರದು. ಮಕ್ಕಳಿಗೆ 9ನೇ ತಿಂಗಳಿನಲ್ಲಿ ಹಾಕುವ ಎ ಜೀವಸತ್ವದ ದ್ರಾವಣದ ಒಂದು ಡೋಸಿನಲ್ಲಿಯೇ 1 ಲಕ್ಷ ಮಾನವಿರುತ್ತದೆ. ಮನೆಯಲ್ಲಿ ಅದು ಉಳಿದಿದ್ದರೂ ಗರ್ಭಿಣಿಯರು ಬಳಸಬಾರದು. ಸೊಪ್ಪು ತರಕಾರಿಗಳ ಕ್ಯಾರೊಟಿನ್‌ನಿಂದ ಈ ಅಪಾಯವಿಲ್ಲ. ದೇಹವು ತನಗೆ ಬೇಕಾದಷ್ಟನ್ನು ಮಾತ್ರ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತದೆ.

ಇ ಜೀವಸತ್ವವನ್ನು 1922ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಲಿಗಳ ಗರ್ಭಧಾರಣೆಯನ್ನು ಪರಿಶೀಲಿಸುವಾಗ ಗುರುತಿಸಲಾಯಿತು. ಟೊಕೊಫೆರಾಲ್ ಎಂಬ ಅದರ ಹೆಸರಿಗೆ ಮೂಲವಾದ ಗ್ರೀಕ್ ಪದವೂ ಹೆರಿಗೆಗೆ ಸಂಬಂಧಿಸಿದ್ದೇ. ಗರ್ಭ ನಿಲ್ಲಲು ಇದರ ಮಾತ್ರೆ ಒಳ್ಳೆಯದೆಂಬ ನಂಬಿಕೆಗೆ ಇದೂ ಕಾರಣವಿರಬಹುದು. ಆದರೆ ಬ್ರಿಟನ್ನಿನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿ ಜೀವಸತ್ವದೊಡನೆ ದಿನಕ್ಕೆ 400 ಮಾನ ಇ ಜೀವಸತ್ವ ನೀಡಿದರೂ ಗರ್ಭಿಣಿಯರ ಅಧಿಕ ರಕ್ತದೊತ್ತಡದ ನಂಜು ತಪ್ಪಲಿಲ್ಲ. ಕಡಿಮೆ ತೂಕದ ಶಿಶುಗಳ ಸಂಖ್ಯೆ ಹೆಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿಯೂ ಈ ಮಾತ್ರೆಗಳನ್ನು ಶಿಫಾರಸು ಮಾಡಿಲ್ಲ.

ದಿನನಿತ್ಯದ ಊಟದಲ್ಲಿಯೇ ಇವೆರಡನ್ನೂ ಪಡೆಯಬಹುದಾಗಿದೆ. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಪಾಲಕ್, ಕ್ಯಾರೆಟ್, ಸಿಹಿಕುಂಬಳ, ಮಾವಿನಹಣ್ಣು, ಮೊಟ್ಟೆ ಹಾಗೂ ಹಾಲಿನಿಂದ ಎ ಜೀವಸತ್ವ ದೊರೆಯುತ್ತದೆ. ಸೂರ್ಯಕಾಂತಿ ಎಣ್ಣೆ ಮತ್ತು ಕಡಲೆಕಾಯಿ ಬೀಜದಲ್ಲಿ ಇ ಜೀವಸತ್ವವಿದೆ. ಎರಡೂ ಕೊಬ್ಬಿನಲ್ಲಿ ಕರಗುವಂಥವು. ಆದುದರಿಂದ ಸೊಪ್ಪಿನ ಸಾರಿಗೆ ಎಣ್ಣೆಯ ಒಗ್ಗರಣೆ ಹಾಕುವ ರೂಢಿ ರುಚಿಗಷ್ಟೇ ಅಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯ ಬಿಸಿಯೂಟದಲ್ಲಿ ತರಕಾರಿ, ಮೊಟ್ಟೆ, ಹಾಲು ಮತ್ತು ಕಡಲೆಕಾಯಿ ಚಿಕ್ಕಿಯನ್ನು ಸೇರಿಸಲಾಯಿತು.

ಮೇಲಿನ ಎಚ್ಚರಿಕೆಯು ಕಬ್ಬಿಣಾಂಶ, ಫೋಲಿಕ್ ಆಮ್ಲ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೆ ಅನ್ವಯಿಸುವುದಿಲ್ಲ. ಅವುಗಳನ್ನು ನಿಲ್ಲಿಸಬಾರದು. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಉಚಿತ ತಪಾಸಣೆಗೆ ಬರುವಾಗ ತಾಯಿ ಕಾರ್ಡಿನ ಜೊತೆಗೆ, ಅಂಗಡಿಯಿಂದ ಕೊಂಡವೂ ಸೇರಿದಂತೆ ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನು ತಂದು ವೈದ್ಯರಿಗೆ ತೋರಿಸತಕ್ಕದ್ದು.