ಅಪ್ಪನ ಆಟೋ ಸ್ಟಾರ್ಟರ್, ನನ್ನ ಕ್ರಾನ್

"ನಿನಗೆ ಈ ಆಟೊಮೇಶನ್ ಹುಚ್ಚು ಎಲ್ಲಿಂದ ಹಿಡೀತು?" ಅಂತ ಮೊನ್ನೆ ಆಫೀಸಿನಲ್ಲಿ ಒಬ್ಬ ಕೇಳಿದ. ಯಾವುದೋ ಕಾಲೇಜಿನ ಹೆಸರು ಹೇಳ್ತೀನಿ ಅಂದುಕೊಂಡಿದ್ದನೋ ಏನೋ. ನಾನು ಹೇಳಿದ್ದು ನಮ್ಮ ತೋಟದ ಪಂಪ್‌ಸೆಟ್ ಕಥೆ. ಬೋರ್‌ವೆಲ್ ಅಂದ್ರೇನು ಅಂತ ವಿವರಿಸೋದ್ರಲ್ಲೇ ಕಾಫಿ ತಣ್ಣಗಾಯ್ತು!

ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಬರ್ತಾ ಇದ್ದಿದ್ದೇ ಅಪರಾತ್ರಿಯಲ್ಲಿ. ಅಪ್ಪ ಟಾರ್ಚ್ ಹಿಡಿದು, ಹಾವು-ಚೇಳಿನ ಭಯದಲ್ಲೇ ತೋಟಕ್ಕೆ ಹೋಗಿ ಮೋಟಾರ್ ಹಾಕಿ ಬರೋರು. ಒಂದು ವರ್ಷ ಅಡಿಕೆ ಮಾರಿದ ದುಡ್ಡಲ್ಲಿ ಆಟೋ ಸ್ಟಾರ್ಟರ್ ತಂದು ಕೂರಿಸಿದ್ರು. ಕರೆಂಟ್ ಬಂದ ಕೂಡಲೇ ಮೋಟಾರ್ ತಾನೇ ಶುರು. ನಾವು ಮಲಗಿರುವಾಗ ನಮ್ಮ ಪರವಾಗಿ ಇನ್ನೊಂದು ಎದ್ದಿರತ್ತೆ ಅನ್ನೋದು ನನಗೆ ಆಗ ದೊಡ್ಡ ಪವಾಡ.

ಈಗ ನನ್ನದು ಬ್ಯಾಕೆಂಡ್ ಕೆಲಸ. ಯಾರ ಕಣ್ಣಿಗೂ ಬೀಳದ ಸರ್ವರು, ಡೇಟಾಬೇಸುಗಳ ಸಹವಾಸ. ಇಲ್ಲಿನ ಆಟೋ ಸ್ಟಾರ್ಟರ್ ಹೆಸರು ಕ್ರಾನ್. 1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲೇ ಇದ್ದ ಪುಟ್ಟ ಪ್ರೋಗ್ರಾಮು. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಅಂತ ಐದು ಅಂಕಣ ತುಂಬಿ, ಪಕ್ಕದಲ್ಲಿ ಕೆಲಸ ಬರೆದಿಟ್ಟರೆ ಸಾಕು, ಹೊತ್ತಿಗೆ ಸರಿಯಾಗಿ ಮಾಡಿ ಮುಗಿಸತ್ತೆ. ನಾನು ಎರಡನೇ ಸಲ ಕೈಯಾರೆ ಮಾಡಬೇಕಾದ ಯಾವ ಕೆಲಸವನ್ನೂ ಅದಕ್ಕೆ ವಹಿಸಿ ಆರಾಮಾಗಿ ನಿದ್ದೆ ಮಾಡ್ತಿದ್ದೆ.

ಆ ನಿದ್ದೆ ಕೆಡಿಸಿದ್ದು 2017ರ ಜನವರಿ 31ರ ಗಿಟ್‌ಲ್ಯಾಬ್ ಪ್ರಕರಣ. ಅಲ್ಲಿನ ಇಂಜಿನಿಯರೊಬ್ಬರು ಕಣ್ತಪ್ಪಿನಿಂದ ಮುಖ್ಯ ಡೇಟಾಬೇಸನ್ನೇ ಅಳಿಸಿಬಿಟ್ರು. ಬ್ಯಾಕಪ್ ಇದೆಯಲ್ಲ ಅಂತ ನೋಡಿದ್ರೆ, ಏನೂ ಇಲ್ಲ! ಬ್ಯಾಕಪ್ ತೆಗೆಯೋ ಸಲಕರಣೆ 9.2 ಆವೃತ್ತಿಯದು, ಡೇಟಾಬೇಸ್ 9.6ರದು. ಹಾಗಾಗಿ ಪ್ರತಿ ಸಲವೂ ಸೋಲ್ತಾ ಇತ್ತು. ಸೋತೆ ಅಂತ ಅದು ಕಳಿಸಿದ ಈಮೇಲುಗಳು ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕಾಪಾಡಿದ್ದು ಯಾವುದು ಗೊತ್ತಾ? ಸುಮಾರು ಆರು ಗಂಟೆ ಮೊದಲು ಬೇರೆ ಯಾವುದೋ ಕೆಲಸಕ್ಕೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ಆ ಆರು ಗಂಟೆಯ ಡೇಟಾ ಹೋಗಿದ್ದು ಹೋಯ್ತು. ಇದನ್ನೆಲ್ಲ ಅವರೇ ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದ್ರು.

ಓದ್ತಾ ಓದ್ತಾ ನನಗೆ ನೆನಪಾಗಿದ್ದು ಒಂದು ಬೇಸಿಗೆ. ಬೋರ್‌ವೆಲ್ ಬತ್ತಿತ್ತು. ಆಟೋ ಸ್ಟಾರ್ಟರಿಗೆ ಅದೇನು ಗೊತ್ತು ಪಾಪ? ಕರೆಂಟ್ ಬಂತು, ಮೋಟಾರ್ ಓಡಿಸ್ತು. ತಂಪು ಮಾಡೋಕೆ ನೀರಿಲ್ಲದೆ ಬೆಳಗಾಗೋದ್ರೊಳಗೆ ಕಾಯಿಲ್ ಸುಟ್ಟು ಕರಕಲು. ಆ ವರ್ಷ ಅಪ್ಪ ರೀವೈಂಡಿಂಗ್‌ಗೆ ಅಂತ ಸಾಲ ಮಾಡಿದ್ರು, ಒಂದು ಸಾಲು ಸಸಿಗಳೂ ಒಣಗಿದ್ವು. "ಮೋಟಾರ್ ಸದ್ದು ಕೇಳ್ತು ಅಂತ ಮಗ್ಗುಲು ಬದಲಿಸಿ ಮಲಗಿಬಿಟ್ಟೆ. ನೀರು ಬೀಳ್ತಿದೆಯಾ ಅಂತ ನೋಡ್ಲಿಲ್ಲ," ಅಂದಿದ್ರು.

ಆಮೇಲೆ ಅವರು ಇನ್ನೊಂದು ಪೆಟ್ಟಿಗೆ ಹಾಕಿಸಿದ್ರು. ನೀರಿಲ್ಲದಾಗ ಮೋಟಾರ್ ಎಳೆಯೋ ಕರೆಂಟ್ ಕಮ್ಮಿಯಾಗತ್ತೆ, ಅದನ್ನ ಗುರುತಿಸಿ ಮೋಟಾರ್ ನಿಲ್ಲಿಸತ್ತೆ. ನಾನೂ ಈಗ ಅದನ್ನೇ ಮಾಡ್ತೀನಿ. ಬ್ಯಾಕಪ್ ಫೈಲು ನಿನ್ನೆಗಿಂತ ತೀರಾ ಚಿಕ್ಕದಾದ್ರೆ ಫೋನ್ ಬಡ್ಕೊಳ್ಳತ್ತೆ. ಬ್ಯಾಕಪ್ ಮುಗಿದಿದೆ ಅನ್ನೋ ಸುದ್ದಿ ಹೊತ್ತಿಗೆ ಸರಿಯಾಗಿ ಬರದಿದ್ರೂ ಬಡ್ಕೊಳ್ಳತ್ತೆ. ತಿಂಗಳಿಗೊಮ್ಮೆ ಹಳೇ ಬ್ಯಾಕಪ್ ಒಂದನ್ನ ಖಾಲಿ ಸರ್ವರಿಗೆ ಇಳಿಸಿ, ಒಳಗಿನ ಡೇಟಾ ಓದಿ ನೋಡ್ತೀನಿ. ಈ ಕೊನೇದನ್ನ ಮಾತ್ರ ಕ್ರಾನ್‌ಗೆ ಒಪ್ಪಿಸಿಲ್ಲ.

ಅಪ್ಪನೂ ಅಷ್ಟೇ. ಎರಡು ಪೆಟ್ಟಿಗೆ ಇದ್ರೂ ಬೆಳಿಗ್ಗೆ ಎದ್ದ ತಕ್ಷಣ ತೋಟಕ್ಕೆ ಹೋಗಿ, ಪೈಪಿನ ಬಾಯಿಗೆ ಕೈಯೊಡ್ಡಿ ನೋಡಿಯೇ ಕಾಫಿ ಕುಡಿಯೋದು.