ಬಿಜಾಪುರದ ಗ್ರಹಣ, ಮಮದಾಪುರದ ಕೆರೆ

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಬಿಜಾಪುರದ (ಇಂದಿನ ವಿಜಯಪುರದ) ಮೇಲೆ ಹಾದುಹೋಯಿತು. ಆಗ ಕ್ಯಾಪ್ಟನ್ ಹೇಗ್ ಇಲ್ಲಿಂದ ವರ್ಣಪಟಲದರ್ಶಕದಲ್ಲಿ ಸೂರ್ಯನಂಚಿನ ಕೆಂಪು ಜ್ವಾಲೆಗಳನ್ನು ನೋಡಿ, ಗುಲಾಬಿ ಮತ್ತು ಹೊಂಬಣ್ಣದ ಎರಡು ಪಟ್ಟೆಗಳನ್ನು ಗುರುತಿಸಿದರು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಇದೇ ಕೆಲಸದಲ್ಲಿದ್ದರು. ಆ ದಿನ ಹಲವೆಡೆ ಕಂಡ ಹಳದಿ ಗೆರೆ ಹೀಲಿಯಂನದೆಂದು ಮುಂದೆ ತಿಳಿಯಿತು. ಗುಂಟೂರಿನಲ್ಲಿದ್ದ ಮೇಜರ್ ಟೆನಂಟ್ ತಂಡಕ್ಕೆ ಗ್ರಹಣದ ಫೋಟೊ ದಕ್ಕಿತು. ರಸಾಯನ ಬಳಿದ ಗಾಜಿನ ಫಲಕದ ಹಸಿ ಆರುವುದರೊಳಗೆ ಚಿತ್ರ ತೆಗೆದು ತೊಳೆಯಬೇಕಿದ್ದ ಕಾಲವದು.

ಸೂರ್ಯನ ಚಿತ್ರಕ್ಕೆ ಈಗಲೂ ಮೊದಲು ಬೇಕಾದದ್ದು ಸೌರ ಫಿಲ್ಟರ್. ಅದನ್ನು ಲೆನ್ಸಿನ ಮುಂದೆಯೇ ಕಟ್ಟಬೇಕು; ಕಣ್ಣಿಡುವ ಕಡೆ ಹಾಕಿದರೆ ಒಟ್ಟುಗೂಡಿದ ಬಿಸಿಲಿಗೆ ಅದು ಒಡೆದು ಕಣ್ಣೇ ಹೋಗಬಹುದು. ಸೂರ್ಯ ಪೂರ್ತಿ ಮುಚ್ಚಿದ ಕೆಲ ನಿಮಿಷ ಮಾತ್ರ ಫಿಲ್ಟರ್ ತೆಗೆಯಬಹುದು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನಲ್ಲಿ ಉಂಗುರವಾದ ಸೂರ್ಯ ವಿಜಯಪುರದಲ್ಲಿ ಕುಡುಗೋಲಿನಂತಿದ್ದ. ಇಂಥ ಪಾರ್ಶ್ವ ಗ್ರಹಣದಲ್ಲಿ ಅತಿ ಚೆಂದದ ಚಿತ್ರ ಸಿಗುವುದು ನೆಲದಲ್ಲಿ: ಬೇವಿನ ಎಲೆಗಳ ಸಂದಿನಿಂದ ಇಳಿದ ಬೆಳಕಿನ ಒಂದೊಂದು ಚುಕ್ಕೆಯೂ ಪುಟ್ಟ ಕುಡುಗೋಲು. ಇದಕ್ಕೆ ಮೊಬೈಲ್ ಸಾಕು, ಕಣ್ಣಿಗೂ ಅಪಾಯವಿಲ್ಲ. ಭಾರತದಲ್ಲಿ ಮುಂದಿನ ಕಂಕಣ ಗ್ರಹಣ 2031ರ ಮೇ 21ರಂದು ಕೇರಳ, ತಮಿಳುನಾಡಿನ ಮೇಲೆ ಹಾಯಲಿದೆ. ವಿಜಯಪುರಕ್ಕೆ ಆಗಲೂ ಪಾರ್ಶ್ವವೇ.

ಗ್ರಹಣವಿಲ್ಲದ ದಿನವೂ ಚಿತ್ರ ತೆಗೆಯಲು ವಿಜಯಪುರದ ಗೋಳಗುಮ್ಮಟದ ಹಿಂದಿನ ಸೂರ್ಯೋದಯವಿದೆ. ಇದಕ್ಕೆ ಸಣ್ಣ ಲೆಕ್ಕ ಬೇಕು. ಯಾವುದೇ ವಸ್ತು ತನ್ನ ಅಗಲದ ಸುಮಾರು 110 ಪಟ್ಟು ದೂರದಿಂದ ಸೂರ್ಯನಷ್ಟೇ ಅಗಲ ಕಾಣುತ್ತದೆ. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರ್. ಹಾಗಾಗಿ ಪಶ್ಚಿಮಕ್ಕೆ, ತಿಕೋಟಾ ಕಡೆಗೆ, ಐದು ಕಿಲೋಮೀಟರ್ ಸರಿದು ನಿಂತರೆ ಎರಡೂ ಸಮ. ಸನಿಹ ನಿಂತವರ ಚಿತ್ರದಲ್ಲಿ ಸೂರ್ಯ ಕುಂಕುಮದ ಬೊಟ್ಟಿನಷ್ಟೇ.

ಸೂರ್ಯನನ್ನು ಬಿಟ್ಟು ಹಕ್ಕಿಗಳ ಚಿತ್ರ ಬೇಕೆಂದರೆ, ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ಕೆರೆಯಿದೆ. ಇಲ್ಲಿಯ ಬಯಲಲ್ಲಿ ಮರೆ ಕಡಿಮೆ. ನಿಂತ ಮನುಷ್ಯ ಹಕ್ಕಿಗೆ ದೂರದಿಂದಲೇ ಕಾಣುತ್ತಾನೆ. ಕೂತು, ನೀರಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ಕಾಯುವುದೇ ಸರಿ. ಬೆಳ್ಳಕ್ಕಿಯ ಗರಿ ಬಿಸಿಲಲ್ಲಿ ಬರೀ ಬಿಳಿ ಮಚ್ಚೆಯಾಗಿಬಿಡುತ್ತದೆ. ಬೆಳಕು ಒಂದಿಷ್ಟು ತಗ್ಗಿಸಿದರೆ ಗರಿಯ ಎಳೆ ಉಳಿಯುತ್ತದೆ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ವೇಗದ ಶಟರ್ ಬೇಕು.

ಬೇಸಿಗೆಯಲ್ಲಿ ಟಿಟ್ಟಿಭ ಬಯಲಿನ ಹರಳುಗಳ ನಡುವೆ, ಹರಳಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಹೊಟ್ಟೆಯ ಗರಿ ನೀರಲ್ಲಿ ನೆನೆಸಿಕೊಂಡು ಬಂದು ಅವನ್ನು ತಂಪು ಮಾಡುತ್ತದೆ. ಕ್ಯಾಮೆರಾದವರು ಗೂಡಿನ ಹತ್ತಿರ ಕೂತಷ್ಟು ಹೊತ್ತು ಅದು ತಲೆಯ ಮೇಲೆ ಚೀರುತ್ತ ಸುತ್ತುತ್ತದೆ, ಕೆಳಗಿಳಿಯುವುದಿಲ್ಲ. ಅಷ್ಟೂ ಹೊತ್ತು ಮೊಟ್ಟೆಗಳು ಸುಡುಬಿಸಿಲಿಗೆ ಕಾಯುತ್ತಿರುತ್ತವೆ.