ಕೆಚ್ಚಲು ಬಾವಿನ ಮದ್ದು, ಬಸುರಿಯ ಕಿಡ್ನಿ ಸೋಂಕು

ಬಸುರಿಯರ ಕಾಯಿಲೆಯ ಬಗ್ಗೆ ಪಶುವೈದ್ಯರು ಬರೆಯುವುದೇಕೆ ಎಂದು ನೀವು ಕೇಳಬಹುದು. ಹಸುವಿನ ಕೆಚ್ಚಲು ಬಾವಿಗೆ ಬಳಸುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೇ, ಕಿಡ್ನಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದ ಬಸುರಿಗೂ ಬೇಕಾಗುತ್ತದೆ. ಅದಕ್ಕಾಗಿ ಈ ಲೇಖನ.

ಬಸುರಿನಲ್ಲಿ ಮೂತ್ರನಾಳ ಸಡಿಲವಾಗುತ್ತದೆ, ಬೆಳೆಯುವ ಗರ್ಭಕೋಶ ಅದನ್ನು ಒತ್ತುತ್ತದೆ. ಮೂತ್ರ ಸರಾಗವಾಗಿ ಇಳಿಯದೆ ನಿಂತಾಗ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಬೆಳೆದು ಕಿಡ್ನಿಗೆ ಏರಬಹುದು. ಇ. ಕೋಲೈ ಮನುಷ್ಯರ ಕರುಳಿನಲ್ಲೂ ಇರುತ್ತದೆ, ಸಗಣಿಯಲ್ಲೂ ಇರುತ್ತದೆ. ಚಳಿಜ್ವರ, ಪಕ್ಕೆಯ ಕೆಳಗೆ ಬೆನ್ನುನೋವು, ವಾಂತಿ, ಉರಿಮೂತ್ರ ಇದರ ಲಕ್ಷಣಗಳು. ಚಿಕಿತ್ಸೆ ತಡವಾದರೆ ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು; ಸೋಂಕು ರಕ್ತಕ್ಕೆ ಸೇರಿದರೆ ತಾಯಿಯ ಜೀವಕ್ಕೇ ಅಪಾಯ.

ಬಸುರಿಗೆ ಕೊಡಬಹುದಾದ ಮದ್ದುಗಳು ಕೆಲವೇ. ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್ ಮದ್ದುಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಉರಿಮೂತ್ರಕ್ಕೆ ಕೊಡುವ ನೈಟ್ರೊಫ್ಯುರಾಂಟಾಯಿನ್ ಮಾತ್ರೆ ಕಿಡ್ನಿಯ ಒಳಗಿನ ಸೋಂಕಿಗೆ ಸಾಲದು. ಸೆಫ್ಟ್ರಿಯಾಕ್ಸೋನ್‌ಗೂ ಬ್ಯಾಕ್ಟೀರಿಯಾ ಜಗ್ಗದಿದ್ದರೆ ಮೆರೊಪೆನೆಮ್‌ನಂಥ ಇನ್ನೂ ಪ್ರಬಲವಾದ, ದುಬಾರಿ ಮದ್ದೇ ಗತಿ.

ಆ್ಯಂಟಿಬಯೋಟಿಕ್ ಬಳಸಿದಾಗಲೆಲ್ಲ ದುರ್ಬಲ ಬ್ಯಾಕ್ಟೀರಿಯಾ ಸಾಯುತ್ತವೆ, ಮದ್ದನ್ನು ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಮನುಷ್ಯರು ಮೆಡಿಕಲ್ ಶಾಪಿನಿಂದ ತಾವಾಗಿಯೇ ತಂದು ಮಾತ್ರೆ ನುಂಗುವುದು ಇದಕ್ಕೆ ದೊಡ್ಡ ಕಾರಣ. ಕೊಟ್ಟಿಗೆಯ ಪಾಲೂ ಇದೆ. ಮನುಷ್ಯರಿಗೆ ಉಳಿಯಲೆಂದೇ ಕೇಂದ್ರ ಸರ್ಕಾರ 2019ರಲ್ಲಿ ಕೊಲಿಸ್ಟಿನ್ ಮದ್ದನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಿತು.

ಕೊಟ್ಟಿಗೆಯಲ್ಲಿ ಹೀಗೆ ಮಾಡಿ:
• ಹಾಲು ಒಡೆದಂತೆ ಬಂದರೆ, ಕೆಚ್ಚಲು ಬಿಸಿಯಾಗಿದ್ದರೆ ಅಂದೇ ಪಶುವೈದ್ಯರಿಗೆ ತಿಳಿಸಿ. ಉಳಿದ ಇಂಜೆಕ್ಷನ್ ಎತ್ತಿಟ್ಟು ಇನ್ನೊಂದು ಹಸುವಿಗೆ ಚುಚ್ಚಿಸಬೇಡಿ.
• ಮದ್ದಿನ ಚೀಟಿಯಲ್ಲಿ ಬರೆದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಗೂ ಬಳಸಬೇಡಿ. ಚೀಟಿಯಲ್ಲಿ ಇಲ್ಲದಿದ್ದರೆ ಕೊನೆಯ ಡೋಸಿನ ನಂತರ ಕನಿಷ್ಠ 7 ದಿನ. ಕಾಯಿಸಿದರೆ ಮದ್ದಿನ ಅಂಶ ಹೋಗುತ್ತದೆಂದು ನಂಬಬೇಡಿ.
• ಸಗಣಿ ಬಾಚಿದ ಮೇಲೆ, ಹಾಲು ಕರೆಯುವ ಮುಂಚೆ ಮತ್ತು ನಂತರ ಸೋಪಿನಿಂದ ಕೈ ತೊಳೆಯಿರಿ.

ಮನೆಯಲ್ಲಿ ಬಸುರಿ ಇದ್ದರೆ:
• ಉರಿ ಇಲ್ಲದಿದ್ದರೂ ಮೂತ್ರದಲ್ಲಿ ಸೋಂಕು ಇರಬಹುದು. ತಿಂಗಳ ತಪಾಸಣೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ. ಯಾವ ಮದ್ದು ಕೆಲಸ ಮಾಡುತ್ತದೆಂದು ತಿಳಿಯಲು ಕಲ್ಚರ್ ಪರೀಕ್ಷೆ ಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.
• ಚಳಿಜ್ವರದ ಜೊತೆ ಬೆನ್ನುನೋವಿದ್ದರೆ ಹಾಲು ಕರೆಯುವ ಕೆಲಸ ಬೇರೆಯವರಿಗೆ ಬಿಟ್ಟು ಅಂದೇ ಹೊರಡಿ. ನಮ್ಮ ಕಡೆಯವರಿಗೆ ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್ ಮತ್ತು ಘೋಷಾ ಆಸ್ಪತ್ರೆಗಳಿವೆ. ತಾಯಿ ಕಾರ್ಡ್ ಜೊತೆಗಿರಲಿ.
• ಜ್ವರ ಬಿಟ್ಟಿತೆಂದು ಮದ್ದನ್ನು ನಡುವೆ ನಿಲ್ಲಿಸಬೇಡಿ.

ಹಸುವಿಗೆ ನಾಲ್ಕು ದಿನ ತಡವಾಗಿ ಹಾಲಿನ ಬಟವಾಡೆ ಬಂದರೆ ಸಹಿಸಬಹುದು. ಬೇಕಾದ ಹೊತ್ತಿಗೆ ಮದ್ದೇ ನಾಟದಿದ್ದರೆ ತಾಯಿಗೂ ಮಗುವಿಗೂ ಬೇರೆ ದಾರಿ ಕಡಿಮೆ.